ಐದಡಿ ಜಗಲಿಯ ಪಾಠ

ಮಕ್ಕಳೇ, ಲಿಟ್ಲ್ ಇಂಡಿಯಾದಲ್ಲಿ ರೈಲಿಳಿದು ಹೊರಬಂದಾಗ ಮಳೆಯೇ? ಹಳೆಯ ಸಾಲಂಗಡಿಗಳ ಮುಂದಿನ ಜಗಲಿ ಹಿಡಿದು ನಡೆದರೆ ನೆನೆಯುವುದಿಲ್ಲ. ಇದು ಅಂಗಡಿಯವರ ಔದಾರ್ಯವಲ್ಲ, ನಿಯಮ.

1822ರಲ್ಲಿ ರಾಫಲ್ಸ್ ಊರಿನ ನಕ್ಷೆ ಮಾಡಿಸಿದಾಗ, ಮನೆಗಳ ಮುಂದೆ ಬೀದಿಯುದ್ದಕ್ಕೂ ಸದಾ ತೆರೆದಿರುವ, ಸೂರುಳ್ಳ ದಾರಿ ಇರಬೇಕೆಂದು ಸೂಚಿಸಿದರು. ಮುಂದೆ ಅದಕ್ಕೆ ‘ಐದಡಿ ದಾರಿ’ ಎಂಬ ಹೆಸರು ಬಂತು. ವ್ಯಾಪಾರಿಗಳು ಅಲ್ಲಿ ಸರಕು ಹರಡಿದರು. ಪುರಸಭೆ ತೆರವಿಗೆ ಹೊರಟಾಗ, 1888ರಲ್ಲಿ ಗಲಭೆಯೇ ಆಯಿತು!

1989ರಲ್ಲಿ ಲಿಟ್ಲ್ ಇಂಡಿಯಾ ಸಂರಕ್ಷಿತ ಪ್ರದೇಶವಾಯಿತು. ಹಾಗಾಗಿ 2003ರಲ್ಲಿ ಸುರಂಗ ರೈಲು ಬಂದ ಮೇಲೂ ಜಗಲಿಗಳು ಉಳಿದಿವೆ. ಕಟ್ಟಡ ಒಡೆಯನದು, ನಡೆಯುವ ದಾರಿ ಎಲ್ಲರದು.

ಚಟುವಟಿಕೆ: ಅಪ್ಪ ಅಮ್ಮನೊಂದಿಗೆ ನಡೆದು ನೋಡಿ. ಜಗಲಿಗೆ ಎಲ್ಲಿ ಅಡ್ಡಿಯಿದೆ? ಗಾಲಿಕುರ್ಚಿಯಲ್ಲಿರುವ ಅಜ್ಜಿ ಅಲ್ಲಿ ಹೇಗೆ ದಾಟಬೇಕು? ಐದು ವಾಕ್ಯಗಳಲ್ಲಿ ಬರೆಯಿರಿ.