ನಲವತ್ತು ಸಾವಿರ ಮೊಟ್ಟೆಗೆ ಎರಡು ಬೂತಾಯಿ

ಬೈಕಂಪಾಡಿ ಅಂದ ಕೂಡಲೇ ನಮಗೆ ನೆನಪಾಗುವುದು ಇಂಡಸ್ಟ್ರಿಯಲ್ ಏರಿಯಾ, ಲಾರಿಗಳ ಸಾಲು, ಪಕ್ಕದ ಪಣಂಬೂರು ಬಂದರು. ಆದರೆ ಹೈವೇ ದಾಟಿ ಕಡಲ ಕಡೆ ಹೋದರೆ ಮೀನಕಳಿಯ ಉಂಟು, ಮೀನುಗಾರರ ಊರು. ಮಳೆಗಾಲ ಮುಗಿಯುವಾಗ ಇಡೀ ಕರಾವಳಿ ಕೇಳುವುದು ಒಂದೇ ಪ್ರಶ್ನೆ: ಈ ಸಲ ಬೂತಾಯಿ ಬರ್ತದಾ?

ಸಣ್ಣ ಪ್ರಶ್ನೆ ಅಲ್ಲ ಇದು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದ ಪ್ರಕಾರ, ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಬರೀ 3,297 ಟನ್. ನೂರರಲ್ಲಿ ಒಂದು ಪಾಲೂ ಇಲ್ಲ! ಇಷ್ಟು ದೊಡ್ಡ ಏರಿಳಿತ ಹೇಗೆ ಆಗುತ್ತದೆ? ಉತ್ತರದ ದೊಡ್ಡ ಭಾಗ ಮೀನಿನ ಮೊದಲ ಕೆಲವು ವಾರಗಳಲ್ಲಿದೆ.

ಬೂತಾಯಿ ಮುಖ್ಯವಾಗಿ ಮಳೆಗಾಲದಲ್ಲಿ ಮೊಟ್ಟೆ ಇಡುತ್ತದೆ. ನೀರಲ್ಲಿ ತೇಲುವ ಮೊಟ್ಟೆ ಸುಮಾರು ಒಂದು ದಿನದಲ್ಲೇ ಒಡೆಯುತ್ತದೆ. ಹೊರಬಂದ ಲಾರ್ವಾ ಕೆಲವೇ ಮಿಲಿಮೀಟರ್ ಉದ್ದ. ಹೊಟ್ಟೆಗೆ ಅಂಟಿದ ಹಳದಿ ಚೀಲವೇ ಅದರ ಬುತ್ತಿ. ಆ ಬುತ್ತಿ ಕೆಲವೇ ದಿನಕ್ಕೆ ಖಾಲಿ. ಅಷ್ಟರಲ್ಲಿ ಹತ್ತಿರದಲ್ಲೇ ಪ್ಲಾಂಕ್ಟನ್ ಸಿಗದಿದ್ದರೆ ಕಥೆ ಮುಗಿಯಿತು. ನಾರ್ವೆಯ ವಿಜ್ಞಾನಿ ಯೋಹಾನ್ ಯೋರ್ಟ್ 1914ರಲ್ಲೇ ಇದನ್ನು ಹೇಳಿದ್ದ. ಮೀನಿನ ಹುರುಪೆಯ ಗೆರೆ ಎಣಿಸಿ ವಯಸ್ಸು ನೋಡಿದಾಗ, 1904ರಲ್ಲಿ ಹುಟ್ಟಿದ ಹೆರಿಂಗ್ ಮೀನುಗಳೇ ಮುಂದೆ ಹಲವು ವರ್ಷ ಬಲೆಯಲ್ಲಿ ತುಂಬಿದ್ದವು. ಒಂದು ಒಳ್ಳೆಯ ವರ್ಷದ ಮರಿಗಳು ಎಷ್ಟೋ ವರ್ಷ ಊಟ ಹಾಕಿದವು.

ಈಗ ನಮ್ಮ ಭಾಷೆಯಲ್ಲಿ ಲೆಕ್ಕ ಮಾಡೋಣ. ಒಂದು ಹೆಣ್ಣು ಬೂತಾಯಿ 40,000 ಮೊಟ್ಟೆ ಇಟ್ಟಿತು ಅಂತ ಇಟ್ಟುಕೊಳ್ಳಿ. ಸಂಖ್ಯೆ ಹಾಗೇ ಉಳಿಯಲು ಅಪ್ಪ ಅಮ್ಮನ ಜಾಗಕ್ಕೆ ಎರಡು ಮೀನು ಬಂದರೆ ಸಾಕು. ಅಂದರೆ ಸಾಯುವವು 99.995%. ಇದು 99.990% ಆದರೆ? ನಾಲ್ಕು ಮೀನು ಉಳಿಯುತ್ತವೆ, ಸಂಖ್ಯೆ ಡಬಲ್!

ದಿನದ ಲೆಕ್ಕದಲ್ಲಿ ನೋಡಿ. ದಿನಕ್ಕೆ 90% ಮರಿಗಳು ಬದುಕಿದರೆ 60 ದಿನದ ನಂತರ ಉಳಿಯುವುದು 0.18%. ದಿನಕ್ಕೆ 93% ಬದುಕಿದರೆ 1.29%. ಮೂರು ಪರ್ಸೆಂಟ್ ವ್ಯತ್ಯಾಸ ಎರಡು ತಿಂಗಳಲ್ಲಿ ಏಳು ಪಟ್ಟು ಆಯಿತು. ಕ್ಯಾಲ್ಕುಲೇಟರ್‌ನಲ್ಲಿ ನೀವೇ ಹಾಕಿ ನೋಡಬಹುದು. ಎಕ್ಸ್‌ಪೊನೆನ್ಷಿಯಲ್ ಅಂದರೆ ಇದೇ.

ಆ ಮೂರು ಪರ್ಸೆಂಟ್ ಎಲ್ಲಿಂದ ಬರುತ್ತದೆ? ಮುಂಗಾರಿನ ಗಾಳಿ, ಪ್ರವಾಹಗಳಿಂದ ಕಡಲಿನ ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತದೆ, ಪ್ಲಾಂಕ್ಟನ್ ಬೆಳೆಯುತ್ತದೆ. ಮರಿ ಒಡೆಯುವ ಹೊತ್ತೂ ಪ್ಲಾಂಕ್ಟನ್ ಬೆಳೆಯುವ ಹೊತ್ತೂ ಕೂಡಿ ಬಂದರೆ ಒಳ್ಳೆಯ ವರ್ಷ. ತಪ್ಪಿದರೆ ಮುಂದಿನ ವರ್ಷ ಬಲೆ ಖಾಲಿ. ಬೂತಾಯಿಯ ಆಯುಷ್ಯವೇ ಎರಡು ಮೂರು ವರ್ಷ. ಹಾಗಾಗಿ ಹೆರಿಂಗ್‌ನಂತೆ ಹಳೆಯ ಉಳಿತಾಯದಲ್ಲಿ ದಿನ ದೂಡಲು ಅದಕ್ಕೆ ಆಗುವುದಿಲ್ಲ.

ಹಾಗಾದರೆ ಎಲ್ಲ ಕಡಲಿನ ಕೈಯಲ್ಲೇ ಇದೆಯಾ? ಇಲ್ಲ. ಮಳೆ ಗಾಳಿ ನಮ್ಮ ಮಾತು ಕೇಳಲ್ಲ, ಆದರೆ ಬಲೆ ಕೇಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಇರುವ 61 ದಿನದ ನಿಷೇಧದಿಂದ ಮೊಟ್ಟೆ ಇಡುವ ಮೀನಿಗೆ ಸ್ವಲ್ಪ ಸಮಯ ಸಿಗುತ್ತದೆ. ಇನ್ನೊಂದು, ಬೆರಳುದ್ದದ ಮರಿ ಅಂದರೆ ಸಾವಿರಾರು ಒಡಹುಟ್ಟಿದವರು ಸತ್ತ ಮೇಲೂ ಉಳಿದದ್ದು. ಅತಿ ಕಷ್ಟದ ಹಂತ ಅದು ದಾಟಿ ಆಗಿದೆ. ಕೇರಳ ಬೂತಾಯಿಗೆ 10 ಸೆಂಟಿಮೀಟರ್ ಕನಿಷ್ಠ ಅಳತೆ ಇಟ್ಟದ್ದು ಇದಕ್ಕೇ. ಅಂಥ ಮರಿಗಳನ್ನು ಹಿಡಿದು ಫಿಶ್‌ಮೀಲ್ ಫ್ಯಾಕ್ಟರಿಗೆ ಕಳಿಸಿದರೆ ಸಿಗುವುದು ಕಿಲೋಗೆ ನಾಲ್ಕು ಕಾಸು, ಹೋಗುವುದು ಮುಂದಿನ ಮಳೆಗಾಲದ ಮೊಟ್ಟೆ.

ಬೂತಾಯಿ ಕಡಿಮೆ ಆದಾಗ ಕೆಲವರು ಬೋಟಿನವರನ್ನು ಬೈತಾರೆ, ಕೆಲವರು ಹವಾಮಾನವನ್ನು. ಎರಡೂ ಅರ್ಧ ಸತ್ಯ. ಎಷ್ಟು ಮರಿ ಉಳಿಯಬೇಕು ಅಂತ ಕಡಲು ತೀರ್ಮಾನಿಸುತ್ತದೆ. ಉಳಿದವು ಅಮ್ಮ ಆಗಬೇಕಾ ಬೇಡವಾ ಅಂತ ತೀರ್ಮಾನಿಸುವುದು ನಾವು.