ಉಸಿರು ಬಿಡುವುದನ್ನು ಕಲಿಯೋಣ



ನಾವು ವೈದ್ಯರಲ್ಲ; ಹಗಲು ಗಿರಣಿಯಲ್ಲಿ ಲೆಕ್ಕ ಬರೆದು, ಸಂಜೆ ಈ ವಾಚನಾಲಯದ ಬಾಗಿಲು ತೆರೆಯುವವರು. ನಮ್ಮಿಂದಾದ ಒಂದು ತಪ್ಪೇ ಈ ಪಾಠಕ್ಕೆ ಕಾರಣ.

ಊರಿನಿಂದ ಹೊಸದಾಗಿ ಮುಂಬಯಿಗೆ ಬಂದಿದ್ದ ತರುಣನೊಬ್ಬ ಇಲ್ಲಿ ಪತ್ರಿಕೆ ಓದುತ್ತಿದ್ದವನು ಒಮ್ಮೆಲೇ ಎದೆ ಹಿಡಿದುಕೊಂಡು, "ಅಣ್ಣಾ, ನಾನು ಉಳಿಯುವುದಿಲ್ಲ" ಎಂದ. ಮೈ ನಡುಗುತ್ತಿತ್ತು, ಬೆರಳು ಜುಮ್ಮೆನ್ನುತ್ತಿದ್ದವು. ನಾವು ಬೆನ್ನು ತಟ್ಟಿ, "ಜೋರಾಗಿ ಉಸಿರೆಳೆದುಕೊ, ತಮ್ಮಾ" ಎಂದೆವು. ತಲೆಸುತ್ತು ಇನ್ನೂ ಹೆಚ್ಚಿತು! ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ, ಹೃದಯದಲ್ಲಿ ದೋಷವಿಲ್ಲ, ಇದು ‘ಪ್ಯಾನಿಕ್’, ಎಂದರೆ ವಿಪರೀತ ಗಾಬರಿ ಎಂದರು.

ಗಾಬರಿಯಲ್ಲಿ ಉಸಿರಾಟ ವೇಗವಾಗುತ್ತದೆ. ಆಗ ಸಾಮಾನ್ಯವಾಗಿ ಆಮ್ಲಜನಕದ ಕೊರತೆ ಇರುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗಿರುತ್ತದೆ. ತಲೆಸುತ್ತು, ಜುಮ್ಮು ಇದರಿಂದಲೇ. ಅಂಥ ಸಮಯದಲ್ಲಿ ದೊಡ್ಡ ಉಸಿರೆಳೆಯುವುದು ಉರಿಯುವ ಒಲೆಯನ್ನು ಊದಿದಂತೆ. ಬೇಕಾದುದು ನಿಧಾನವಾಗಿ ಉಸಿರು ಬಿಡುವುದು. ಬಿಡುವಾಗ ಹೃದಯದ ಬಡಿತವೂ ತುಸು ಇಳಿಯುತ್ತದೆ.

ಕ್ರಮ ಹೀಗೆ: ಬೆನ್ನಿಗೆ ಆಸರೆ ಕೊಟ್ಟು ಕುಳಿತು, ಒಂದು ಕೈಯನ್ನು ಹೊಟ್ಟೆಯ ಮೇಲಿಡಿ. ಮೂಗಿನಿಂದ ಮೆಲ್ಲಗೆ, 4 ಎಣಿಸುವವರೆಗೆ ಉಸಿರೆಳೆಯಿರಿ. 6 ಎಣಿಸುವವರೆಗೆ ಬಿಡಿರಿ. ಎಣಿಕೆಗೊಂದು ಸೆಕೆಂಡಿನಂತೆ ನಿಮಿಷಕ್ಕೆ 6 ಉಸಿರಾಗುತ್ತವೆ. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ 12ರಿಂದ 20 ಸಹಜ. ಕಷ್ಟವಾದರೆ 3 ಮತ್ತು 4 ಎಣಿಸಿದರೂ ಸಾಕು. ದಿನವೂ ಮನಸ್ಸು ಶಾಂತವಾಗಿರುವಾಗ 5 ನಿಮಿಷ ಅಭ್ಯಾಸ ಮಾಡಿರಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೇನು ಫಲ?

ಎಚ್ಚರಿಕೆಗಳು: ಉಸಿರು ಬಿಗಿಹಿಡಿಯಬೇಡಿ. ಭಸ್ತ್ರಿಕಾದಂಥ ವೇಗದ ಪ್ರಾಣಾಯಾಮ ಆಗ ಬೇಡ. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯ ಅಪಾಯಕರ. ವಾಹನ ನಡೆಸುವಾಗ ಅಭ್ಯಾಸ ಮಾಡಬಾರದು. ತಲೆ ಸುತ್ತಿದರೆ ನಿಲ್ಲಿಸಿರಿ. ದಮ್ಮು, ಹೃದ್ರೋಗವುಳ್ಳವರು ಮೊದಲು ವೈದ್ಯರನ್ನು ಕೇಳಬೇಕು.

ಎದೆಯಲ್ಲಿ ಒತ್ತಿದಂಥ ನೋವು ನಿಲ್ಲದೆ, ತೋಳಿಗೋ ದವಡೆಗೋ ಹರಡಿ, ತಣ್ಣನೆಯ ಬೆವರು ಬಂದರೆ ಉಸಿರೆಣಿಸುತ್ತ ಕೂರದೆ ಕೂಡಲೇ 108ಕ್ಕೆ ಕರೆ ಮಾಡಿರಿ. ಮೊದಲ ಬಾರಿ ಇಂಥ ಗಾಬರಿ ಬಂದವರೂ ವೈದ್ಯರಿಗೆ ತೋರಿಸಲೇಬೇಕು.

ಉಸಿರಾಟ ಆ ಗಳಿಗೆಯನ್ನು ದಾಟಿಸೀತು, ಬೇರನ್ನು ಕೀಳಲಾರದು. ಪದೇ ಪದೇ ಬಂದರೆ ಚಿಕಿತ್ಸೆಯುಂಟು, ನಾಚಿಕೆ ಬೇಡ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416ರಲ್ಲಿ ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡಬಹುದು.

ಆ ತರುಣ ಈಗಲೂ ಬರುತ್ತಾನೆ. ಎರಡನೆಯ ಬಾರಿ ಗಾಬರಿ ಬಂದಾಗ ನಾವು ಉಪದೇಶ ಮಾಡಲಿಲ್ಲ. ಪಕ್ಕದಲ್ಲಿ ಕುಳಿತು ಮೆಲ್ಲಗೆ ಎಣಿಸಿದೆವು. ಪಕ್ಕದಲ್ಲಿರುವವರಿಂದ ಆಗಬೇಕಾದ ಸಹಾಯ ಅಷ್ಟೇ.