ಜರಿ ದಾರದ ಜೊತೆ ಹಟ ಬೇಡ

ಮಗಳೇ, ನಿನ್ನೆ ಸಂಜೆ ನಮ್ಮ ಎಂ.ಸಿ.ಸಿ. ‘ಬಿ’ ಬ್ಲಾಕಿನ ಮನೆಗೆ ಬಂದು, ಅರ್ಧ ಹೊಲಿದ ರೇಷ್ಮೆ ರವಿಕೆಯನ್ನು ನನ್ನ ತೊಡೆಯ ಮೇಲಿಟ್ಟು ಕಣ್ಣು ತುಂಬಿಕೊಂಡೆ. ಮನೆ ತುಂಬ ಜನವಿದ್ದರು, ಬಿಡಿಸಿ ಹೇಳಲಾಗಲಿಲ್ಲ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು, ಅದಕ್ಕೆಂದೇ ನೀನು ಆಸೆಯಿಂದ ತೆಗೆದ ರವಿಕೆ ಅದು. ಹಾಳಾಗಿಲ್ಲ, ಮೊದಲು ಅದನ್ನು ತಿಳಿದುಕೋ.

ದಾರ ಕಳಪೆ ಅಂದೆಯಲ್ಲ, ಆ ರೀಲಿನಿಂದ ಒಂದು ಗೇಣು ಎಳೆದು ಉಗುರಿನಲ್ಲಿ ಮೆಲ್ಲಗೆ ಕೆರೆದು ನೋಡು. ಒಳಗೆ ನೈಲಾನಿನದೋ ಪಾಲಿಯೆಸ್ಟರಿನದೋ ಸಣ್ಣ ಎಳೆ, ಅದರ ಮೈಗೆ ಹೊಳೆಯುವ ತೆಳು ಪಟ್ಟಿ. ಹಿಂದೆ ಬೆಳ್ಳಿಯ ತಂತಿಯನ್ನು ಚಪ್ಪಟೆ ಮಾಡಿ, ರೇಷ್ಮೆ ಎಳೆಗೆ ಸುತ್ತಿ, ಚಿನ್ನದ ನೀರು ಕೊಡುತ್ತಿದ್ದರು. ಸೂರತ್ತಿನವರು ಅದರಲ್ಲಿ ಹೆಸರಾದವರು. ಈಗ ನಮ್ಮ ಕೈಗೆ ಬರುವುದು ಹೆಚ್ಚಾಗಿ ಲೋಹದ ಲೇಪವಿರುವ ಪ್ಲಾಸ್ಟಿಕ್ ಹಾಳೆಯ ಪಟ್ಟಿ. ಉಜ್ಜಿದರೆ ಪಟ್ಟಿ ಸುಲಿಯುತ್ತದೆ, ತಿರುಚಿದರೆ ಗಂಟಾಗುತ್ತದೆ. ನಿನ್ನ ಮಿಷನ್ನಿನಲ್ಲಿ ಆದದ್ದು ಇವೆರಡೇ.

ಸೂಜಿಯ ವಿಷಯಕ್ಕೆ ಬಾ. ಮೇಲಿನ ದಾರ ಒಮ್ಮೆ ಕಣ್ಣಿನೊಳಗೆ ಹೋಗಿ ಹೊಲಿಗೆಯಾಗಿ ಕೂರುತ್ತದೆ ಅಂದುಕೊಳ್ಳಬೇಡ. ಪ್ರತಿ ಹೊಲಿಗೆಗೂ ಕೊಕ್ಕೆ ಉದ್ದ ಕುಣಿಕೆ ಎಳೆದು, ಬಾಬಿನ್ ಸುತ್ತಿಸಿ, ಬಹುಪಾಲು ದಾರವನ್ನು ಮತ್ತೆ ಮೇಲಕ್ಕೆ ಬಿಡುತ್ತದೆ. ಹೀಗಾಗಿ ಅದೇ ಅಂಗುಲ ದಾರ ಸೂಜಿಯ ಕಣ್ಣಲ್ಲಿ ಹತ್ತಾರು ಬಾರಿ ಓಡಾಡುತ್ತದೆ. ನೀನು ಹಾಕಿದ್ದ 11 ನಂಬರಿನ ಸೂಜಿಯ ಕಿರಿದಾದ ಕಣ್ಣು ಅಷ್ಟೂ ಸಲ ಜರಿಯನ್ನು ಕೆರೆದಿದೆ. 14 ಹಾಕು, ಉದ್ದ ಕಣ್ಣಿನ ಸೂಜಿ ಸಿಕ್ಕರೆ ಇನ್ನೂ ಒಳ್ಳೆಯದು. 16ಕ್ಕೆ ಹೋಗಬೇಡ, ರೇಷ್ಮೆಯಲ್ಲಿ ತೂತು ಎದ್ದು ಕಾಣುತ್ತದೆ.

ಸುತ್ತುಗಳು ಒಂದರ ಪಕ್ಕ ಒಂದು ನೇರವಾಗಿ ಕೂತಿರುವ ರೀಲಾದರೆ ತಲೆಯಿಂದ ಎಳೆಯಬೇಡ. ಪ್ರತಿ ಸುತ್ತಿಗೂ ಒಂದು ತಿರುಚು ಹೆಚ್ಚಾಗುತ್ತದೆ. ರೀಲೇ ಉರುಳುವ ಹಾಗೆ ಅಡ್ಡಲಾಗಿ, ಮಿಷನ್ನಿನಿಂದ ಸ್ವಲ್ಪ ದೂರ ಇಡು. ಬಾಬಿನ್ನಿಗೆ ತೆಳುವಾದ ನಯ ದಾರ ಸುತ್ತು, ಹೊಲಿಗೆ ಉದ್ದ ಮಾಡು, ನಿಧಾನ ತುಳಿ.

ಟೆನ್ಷನ್ ಬಗ್ಗೆ ನನಗೇ ಪಾಠವಾಗಿದೆ. ತಂಗಿಯ ಧಾರೆಯ ರವಿಕೆಗೆ ರಾತ್ರಿ ಕೂತು ಜರಿ ಅಂಚು ಹಾಕುತ್ತಿದ್ದೆ. ಹೊಲಿಗೆ ಸಡಿಲ ಕಂಡಿತೆಂದು ತಿರುಪು ಬಿಗಿ ಮಾಡಿದೆ. ಎಳೆ ಕಡಿಯಿತು, ಇನ್ನಷ್ಟು ಬಿಗಿ ಮಾಡಿದೆ. ಬೆಳಿಗ್ಗೆ ನೋಡಿದರೆ ಕೊರಳಿನ ಸುತ್ತ ಬಟ್ಟೆ ಸುಕ್ಕುಗಟ್ಟಿತ್ತು. ಬಿಚ್ಚಿದ ಮೇಲೂ ಸೂಜಿಯ ತೂತುಗಳ ಸಾಲು ಉಳಿಯಿತು. ರೇಷ್ಮೆಯಲ್ಲಿ ಆ ಗುರುತು ಪೂರ್ತಿ ಮಾಯುವುದಿಲ್ಲ. ಜರಿಗೆ ಯಾವಾಗಲೂ ಸಡಿಲ ಮಾಡುವುದೇ ದಾರಿ. ಅದಕ್ಕೂ ಒಗ್ಗದಿದ್ದರೆ ಜರಿಯನ್ನೇ ಬಾಬಿನ್ನಿಗೆ ಸುತ್ತಿ, ಮೇಲೆ ಸಾದಾ ದಾರ ಹಾಕಿ, ಬಟ್ಟೆಯ ಒಳಮೈ ಮೇಲೆ ಮಾಡಿ ಹೊಲಿ. ಬಾಬಿನ್ ದಾರ ಸೂಜಿಯ ಕಣ್ಣು ದಾಟುವುದೇ ಇಲ್ಲ, ಹೊಳಪು ಹೊರಮೈಗೇ ಬರುತ್ತದೆ.

ಜೊತೆಗೆ ತಂದಿದ್ದ ಆ ಕೆಂಪು ‘ಸಿಲ್ಕ್ ದಾರ’ ನೋಡಿದರೆ ರೇಷ್ಮೆಯಲ್ಲ, ರೇಯಾನು. ಹರಿಹರದಾಚೆ, ಹೊಳೆ ದಾಟಿದರೆ ಸಿಗುವ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಮರದಿಂದ ತಿರುಳು ತೆಗೆಯುತ್ತಾರಲ್ಲ, ಅಂಥ ತಿರುಳಿನಿಂದ ಆಗುವ ಎಳೆ. ಒದ್ದೆಯಾದರೆ ಅದರ ಬಲ ಬಹಳ ಕುಗ್ಗುತ್ತದೆ. ತುದಿಗೆ ಎಂಜಲು ಹಚ್ಚಿ ಪೋಣಿಸುವ ಅಭ್ಯಾಸವಿದ್ದರೆ ಆ ತುದಿಯನ್ನು ಕತ್ತರಿಸಿ ಹೊಲಿಗೆ ಶುರು ಮಾಡು.

ಇಸ್ತ್ರಿ ಮಾತ್ರ ಒಳಮೈಯಿಂದ, ಮೇಲೊಂದು ಹತ್ತಿಬಟ್ಟೆ ಹಾಸಿ, ಕಡಿಮೆ ಕಾವಿನಲ್ಲಿ. ಬಿಸಿ ಹೆಚ್ಚಾದರೆ ಪಟ್ಟಿ ಮುದುರುತ್ತದೆ.

ಇವೆಲ್ಲವನ್ನೂ ರವಿಕೆಯ ಮೇಲೆ ಮಾಡಿ ನೋಡಬೇಡ. ಕತ್ತರಿಸಿ ಉಳಿದ ಅದೇ ರೇಷ್ಮೆಯ ಚಿಂದಿಗೆ ಅದೇ ಲೈನಿಂಗ್ ಕೊಟ್ಟು ಒಂದು ಗೇಣು ಹೊಲಿದು ನೋಡು. ಭಾನುವಾರ ಆ ಚಿಂದಿ, ರೀಲು, ರವಿಕೆ ಮೂರನ್ನೂ ತೆಗೆದುಕೊಂಡು ಬಾ. ಬಿಚ್ಚಬೇಕಾದದ್ದು ಬಲತೋಳಿನ ಅಂಚು ಒಂದೇ, ಅದನ್ನು ನಾನೇ ಬಿಚ್ಚಿಕೊಡುತ್ತೇನೆ.